ಮಿಸೆಸ್ ಮೂರ್‌ಗೂ ಮೊದಲಿನ ಪೆಗ್ಗಿ ಆಶ್‌ಕ್ರಾಫ್ಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಂಗಳೂರಿನ ಆಸುಪಾಸಿನಲ್ಲಿ ಚಿತ್ರೀಕರಣವಾದ ವಿದೇಶಿ ಸಿನಿಮಾಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಎ ಪ್ಯಾಸೇಜ್ ಟು ಇಂಡಿಯಾ’ದ ಅಜ್ಜಿ, ಅಂದರೆ ಪೆಗ್ಗಿ ಆಶ್‌ಕ್ರಾಫ್ಟ್ ಅವರ ಬಗ್ಗೆಯೇ ಕೇಳಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ ಮೀಸಲು.

ಪ್ರಶ್ನೆ: ನಮ್ಮ ಸಾವನದುರ್ಗದಲ್ಲಿ ಶೂಟಿಂಗ್ ಆದ ಸಿನಿಮಾದಲ್ಲಿ ಮಿಸೆಸ್ ಮೂರ್ ಪಾತ್ರ ಮಾಡಿದವರು ಯಾರು? ಆ ಗುಹೆಗಳು ಈಗಲೂ ಇವೆಯೇ? (ಮಾಗಡಿಯಿಂದ)

ಆ ಪಾತ್ರ ಮಾಡಿದವರು ಡೇಮ್ (ಇದು ಬ್ರಿಟನ್ನಿನ ಗೌರವ ಪದವಿ) ಪೆಗ್ಗಿ ಆಶ್‌ಕ್ರಾಫ್ಟ್. ನಿರ್ದೇಶಕ ಡೇವಿಡ್ ಲೀನ್ ಪಾತ್ರಕ್ಕೆ ಕರೆದಾಗ ಅವರು ‘ನನಗೆ ಎಪ್ಪತ್ತೈದು ವಯಸ್ಸು’ ಎಂದರಂತೆ. ‘ನನಗೂ ಅಷ್ಟೇ’ ಎಂದು ಲೀನ್ ಉತ್ತರಿಸಿದರಂತೆ. ಚಿತ್ರ ತೆರೆಗೆ ಬಂದದ್ದು 1984ರ ಡಿಸೆಂಬರ್‌ನಲ್ಲಿ.

ಈ ಚಿತ್ರಕ್ಕೆ ಆಧಾರವಾದ ಇ.ಎಂ. ಫಾರ್ಸ್ಟರ್ ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಗಯಾ ಸಮೀಪದ ಬರಾಬರ್ ಗುಹೆಗಳು. ಮೌರ್ಯರ ಕಾಲದಲ್ಲಿ ಕೊರೆದು ನಯ ಮಾಡಿದ ಗುಹೆಗಳವು. ಆದರೆ ಆ ಗುಡ್ಡಗಳು ಕ್ಯಾಮೆರಾದಲ್ಲಿ ಎದ್ದು ಕಾಣುವಷ್ಟು ಭವ್ಯವಾಗಿಲ್ಲವೆಂದು ಲೀನ್‌ಗೆ ಅನ್ನಿಸಿತು. ಅದಕ್ಕೇ ಸಾವನದುರ್ಗದ ಮತ್ತು ರಾಮನಗರದ ರಾಮದೇವರ ಬೆಟ್ಟದ ಬಂಡೆಗಳನ್ನು ಆರಿಸಿಕೊಂಡರು. ಗುಹೆಯ ಬಾಯಿಗಳನ್ನು ಚಿತ್ರತಂಡವೇ ಕೊರೆಸಿತು. ನೀವು ಅಲ್ಲಿ ಹೋಗಿ ಹುಡುಕಿದರೆ ಸಿನಿಮಾದಲ್ಲಿ ಕಂಡಂಥ ಒಳಗುಹೆ ಸಿಗುವುದಿಲ್ಲ. ಕಥೆ ನಡೆಯುವ ಚಂದ್ರಪುರ ಎಂಬ ಊರಿನ ಬಜಾರಿನ ಸೆಟ್ ಹಾಕಿದ್ದು ಬೆಂಗಳೂರು ಅರಮನೆಯ ಆವರಣದಲ್ಲಿ. ರಾಮದೇವರ ಬೆಟ್ಟ ಈಗ ರಣಹದ್ದುಗಳ ಸಂರಕ್ಷಣಾಧಾಮ. ಅರಣ್ಯ ಇಲಾಖೆಯವರು ಬಿಡುವ ಹೊತ್ತಿನಲ್ಲಿ, ಬಿಡುವ ದಾರಿಯಲ್ಲಷ್ಟೇ ಹೋಗಿ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ನಮ್ಮಲ್ಲಿ ಅನೇಕರು ಅವರನ್ನು ‘ಇಳಿವಯಸ್ಸಿನಲ್ಲಿ ಅದೃಷ್ಟ ಖುಲಾಯಿಸಿದ ನಟಿ’ ಎಂದುಕೊಂಡಿದ್ದಾರೆ. ಅದು ತಪ್ಪು. ಈ ಚಿತ್ರಕ್ಕೆ ಬರುವ ಹೊತ್ತಿಗೆ ಅವರು ಐವತ್ತೇಳು ವರ್ಷ ರಂಗಭೂಮಿಯಲ್ಲಿ ದುಡಿದಿದ್ದರು, ಇಂಗ್ಲೆಂಡಿನ ಅತಿ ದೊಡ್ಡ ನಟಿಯರ ಸಾಲಿನಲ್ಲಿದ್ದರು. ಕ್ಯಾಮೆರಾ ಅವರನ್ನು ಕಂಡುಕೊಳ್ಳುವುದಕ್ಕೆ ತಡವಾಯಿತು, ಅಷ್ಟೇ.

ಪ್ರಶ್ನೆ: ಅವರ ಹುಟ್ಟು, ಓದು, ರಂಗಪ್ರವೇಶದ ವಿವರ ಕೊಡಿ. (ಧಾರವಾಡದಿಂದ)

ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿಗೆ ಅಂಟಿಕೊಂಡಿರುವ ಕ್ರಾಯ್ಡನ್‌ನಲ್ಲಿ. ಪೂರ್ತಿ ಹೆಸರು ಈಡಿತ್ ಮಾರ್ಗರೆಟ್ ಎಮಿಲಿ ಆಶ್‌ಕ್ರಾಫ್ಟ್. ತಂದೆ ಜಮೀನುಗಳ ವಹಿವಾಟು ನೋಡಿಕೊಳ್ಳುತ್ತಿದ್ದವರು, ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ತಾಯಿ ಹವ್ಯಾಸಿ ನಟಿ. ಎಲ್ಸಿ ಫೋಗರ್ಟಿ ಎಂಬಾಕೆಯ ಬಳಿ ಮಾತಿನ ಪಾಠ ಹೇಳಿಸಿಕೊಂಡವರು. ಅದೇ ಫೋಗರ್ಟಿ ನಡೆಸುತ್ತಿದ್ದ ನಾಟಕ ಶಾಲೆ ಸೆಂಟ್ರಲ್ ಸ್ಕೂಲ್‌ಗೆ ಮಗಳು ಹದಿನಾರರ ವಯಸ್ಸಿಗೆ ಸೇರಿದಳು. ಸಹಪಾಠಿ, ಮುಂದೆ ಹೆಸರಾಂತ ನಟನಾದ ಲಾರೆನ್ಸ್ ಒಲಿವಿಯೆ. ‘ವೆನಿಸ್ಸಿನ ವ್ಯಾಪಾರಿ’ಯ ನ್ಯಾಯಾಲಯದ ದೃಶ್ಯದಲ್ಲಿ ಇವರು ಪೋರ್ಷಿಯಾ, ಒಲಿವಿಯೆ ಶೈಲಾಕ್. ಬಹುಮಾನವನ್ನು ಇಬ್ಬರಿಗೂ ಹಂಚಿದರು.

ಆ ಶಾಲೆಯಲ್ಲಿ ಒತ್ತು ಇದ್ದದ್ದು ದನಿಯ ಮೇಲೆ. ಪಾತ್ರದ ಒಳಗೆ ಇಳಿಯುವ ಬಗೆ ಹೇಗೆಂದು ಅವರು ರಷ್ಯದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಆತ್ಮಕಥೆಯನ್ನು ತಾವೇ ಓದಿ ಅರಿಯತೊಡಗಿದರು. ಮುಂದೆ ಚೆಕಾಫ್, ಇಬ್ಸೆನ್ ನಾಟಕಗಳಲ್ಲಿ ಅವರು ಅಷ್ಟು ಸಲೀಸಾಗಿ ನಡೆದದ್ದಕ್ಕೆ ಬೇರು ಇಲ್ಲಿದೆ ಎನ್ನಬಹುದು. ವೃತ್ತಿಪರರಾಗಿ ಮೊದಲು ರಂಗಕ್ಕೆ ಬಂದದ್ದು 1926ರಲ್ಲಿ, ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಎಂಬ ನಾಟಕ ತಂಡದಲ್ಲಿ, ರಾಲ್ಫ್ ರಿಚರ್ಡ್‌ಸನ್ ಜೊತೆ.

ಮೂರು ಸಲ ಮದುವೆಯಾದರು. ಮೊದಲು ಪ್ರಕಾಶಕ ರೂಪರ್ಟ್ ಹಾರ್ಟ್-ಡೇವಿಸ್, ಆಮೇಲೆ ರಷ್ಯನ್ ನಿರ್ದೇಶಕ ಕೊಮಿಸಾರ್ಜೆವ್‌ಸ್ಕಿ, 1940ರಲ್ಲಿ ವಕೀಲ ಜೆರೆಮಿ ಹಚಿನ್‌ಸನ್. ಮೂರನೆಯದು 1965ರವರೆಗೆ ಉಳಿಯಿತು, ಇಬ್ಬರು ಮಕ್ಕಳು. ತೀರಿಕೊಂಡದ್ದು 1991ರ ಜೂನ್ 14ರಂದು, 83ನೇ ವಯಸ್ಸಿನಲ್ಲಿ. ಹುಟ್ಟೂರು ಕ್ರಾಯ್ಡನ್‌ನ ಫೇರ್‌ಫೀಲ್ಡ್ ಹಾಲ್ಸ್‌ನಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಅದು ಬಾಗಿಲು ತೆರೆದದ್ದು 1962ರಲ್ಲಿ, ಅವರಿನ್ನೂ ರಂಗದ ಮೇಲಿದ್ದಾಗಲೇ.

ಪ್ರಶ್ನೆ: ಪಾಲ್ ರೋಬ್ಸನ್ ಜೊತೆ ನಟಿಸಿದ್ದರೆಂದು ಕೇಳಿದ್ದೇನೆ. ನಿಜವೇ? (ಕಲಬುರಗಿಯಿಂದ)

ನಿಜ. 1930ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ರೋಬ್ಸನ್ ಒಥೆಲೊ, ಇಪ್ಪತ್ತೆರಡರ ಪೆಗ್ಗಿ ಡೆಸ್ಡಿಮೋನಾ, ಸಿಬಿಲ್ ಥಾರ್ನ್‌ಡೈಕ್ ಎಮಿಲಿಯಾ. ಕಪ್ಪು ನಟ ಬಿಳಿಯ ನಟಿಯನ್ನು ರಂಗದ ಮೇಲೆ ಮುಟ್ಟುತ್ತಾನೆಂಬ ಕಾರಣಕ್ಕೇ ಬೈಗುಳದ ಪತ್ರಗಳು ಬಂದವು. ಪಕ್ಕದ ಸವಾಯ್ ಹೋಟೆಲಿನ ಗ್ರಿಲ್‌ನಲ್ಲಿ ಹಿಂದಿನ ವರ್ಷವಷ್ಟೇ ರೋಬ್ಸನ್‌ಗೆ ಪ್ರವೇಶ ನಿರಾಕರಿಸಿದ್ದರು. ವರ್ಣಭೇದ ಎಂದರೇನು ಎಂದು ತನಗೆ ಮೊದಲು ತಿಳಿದದ್ದು ಆ ನಾಟಕದಿಂದ ಎಂದು ಅವರು ಮುಂದೆ ಹೇಳುತ್ತಿದ್ದರು. ಮಾನವ ಹಕ್ಕುಗಳ ಪರವಾಗಿ ಕೊನೆಯವರೆಗೂ ದನಿಯೆತ್ತಿದರು.

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ ನಾನು ಒಂದೇ ಸಂಜೆಯಲ್ಲಿ ಹದಿನೆಂಟರ ಹುಡುಗಿಯಿಂದ ಎಪ್ಪತ್ತರ ಮುದುಕಿಯವರೆಗೆ ಆಗಬೇಕು. ಆಶ್‌ಕ್ರಾಫ್ಟ್ ಇಂಥ ಪಾತ್ರ ಮಾಡಿದ್ದಾರೆಂದು ನಮ್ಮ ನಿರ್ದೇಶಕರು ಹೇಳಿದರು. ಅವರಿಂದ ಏನು ಕಲಿಯಬಹುದು? (ಶಿವಮೊಗ್ಗದಿಂದ, ನಟಿಯೊಬ್ಬರು)

ನಿಮ್ಮ ನಿರ್ದೇಶಕರು ಸರಿಯಾದ ಕಡೆಗೇ ಬೆರಳು ತೋರಿಸಿದ್ದಾರೆ. ಅದು ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ‘ದಿ ವಾರ್ಸ್ ಆಫ್ ದ ರೋಸಸ್’, 1963, ಸ್ಟ್ರಾಟ್‌ಫರ್ಡ್. ಶೇಕ್ಸ್‌ಪಿಯರನ ಆರನೇ ಹೆನ್ರಿಯ ಮೂರು ಭಾಗ ಮತ್ತು ಮೂರನೇ ರಿಚರ್ಡ್ ಸೇರಿ ನಾಲ್ಕು ನಾಟಕಗಳನ್ನು ಜಾನ್ ಬಾರ್ಟನ್ ಮೂರಕ್ಕೆ ಇಳಿಸಿದರು. ಬಹಳಷ್ಟು ಕತ್ತರಿಸಿ, ಬೆಸುಗೆಗೆ ಬೇಕಾದ ಸಾವಿರಕ್ಕೂ ಹೆಚ್ಚು ಸಾಲುಗಳನ್ನು ತಾವೇ ಬರೆದರು. ಪೀಟರ್ ಹಾಲ್ ಮತ್ತು ಬಾರ್ಟನ್ ನಿರ್ದೇಶನ. ಇದರಲ್ಲಿ ಪೆಗ್ಗಿ ಆಂಜೂವಿನ ಮಾರ್ಗರೆಟ್. ಫ್ರಾನ್ಸಿನಿಂದ ಮದುವಣಗಿತ್ತಿಯಾಗಿ ಬಂದು, ರಾಣಿಯಾಗಿ, ಸೇನೆ ನಡೆಸಿ, ಗಂಡ ಮಗ ಇಬ್ಬರನ್ನೂ ಕಳೆದುಕೊಂಡು, ಕೊನೆಗೆ ಶಾಪ ಹಾಕುತ್ತ ಅಲೆಯುವ ಮುದುಕಿ. ಆಗ ಅವರಿಗೆ 55. ಕೆಲವು ದಿನ ಮೂರೂ ನಾಟಕಗಳನ್ನು ಬೆಳಗಿನಿಂದ ರಾತ್ರಿಯವರೆಗೆ ಸಾಲಾಗಿ ಆಡಿದರು.

ಇದರ ಟೆಲಿವಿಷನ್ ಆವೃತ್ತಿಯನ್ನು ಬಿಬಿಸಿ ಸ್ಟ್ರಾಟ್‌ಫರ್ಡ್ ರಂಗದ ಮೇಲೆಯೇ ತೆಗೆದು 1965ರಲ್ಲಿ ಪ್ರಸಾರ ಮಾಡಿತು. ಅದನ್ನು ನೋಡಿ ಕಲಿಯಬೇಕಾದದ್ದು ಇಷ್ಟು.

ಅವರು ಯೌವನವನ್ನು ಮುಖದಲ್ಲಿ ತೋರಿಸಲು ಹೋಗುವುದಿಲ್ಲ. 55ರ ಮುಖ ಹದಿನೆಂಟರದಾಗಲು ಸಾಧ್ಯವೇ ಇಲ್ಲವೆಂದು ಅವರಿಗೆ ಗೊತ್ತು. ಯೌವನ ಇರುವುದು ಗತಿಯಲ್ಲಿ: ತಿರುಗುವ ವೇಗ, ಎದುರಿನವರ ಮಾತು ಮುಗಿಯುವ ಮೊದಲೇ ಕಣ್ಣಿನಲ್ಲಿ ಮೂಡುವ ಉತ್ತರ. ಮಾತಿನಲ್ಲಿ ಫ್ರೆಂಚ್ ಛಾಯೆಯೊಂದನ್ನು ಇಟ್ಟುಕೊಂಡಿದ್ದರು. ಎಷ್ಟು ವಯಸ್ಸಾದರೂ ಆಕೆ ಆ ನೆಲದವಳಲ್ಲ ಎಂಬುದನ್ನು ಅದೊಂದು ಎಳೆಯೇ ನೆನಪಿಸುತ್ತದೆ. ನಿಮ್ಮ ಪಾತ್ರಕ್ಕೂ ಇಂಥ ಒಂದು ಬದಲಾಗದ ಎಳೆ ಹುಡುಕಿಕೊಳ್ಳಿ. ಎಲ್ಲವೂ ಬದಲಾದರೆ ಪ್ರೇಕ್ಷಕರಿಗೆ ನಾಲ್ವರು ಬೇರೆ ಬೇರೆ ಹೆಂಗಸರು ಕಾಣುತ್ತಾರೆ, ಒಬ್ಬಳು ಮಾಗಿದ್ದು ಕಾಣುವುದಿಲ್ಲ.

ಯಾರ್ಕ್‌ನ ದೃಶ್ಯವನ್ನು ಬಿಡಬೇಡಿ. ಸಿಂಹಾಸನಕ್ಕೆ ಹಕ್ಕು ಹೂಡಿ ಸೆರೆ ಸಿಕ್ಕ ಎದುರಾಳಿ ಯಾರ್ಕ್‌ನ (ನಟ ಡೊನಾಲ್ಡ್ ಸಿಂಡೆನ್) ತಲೆಗೆ ಮಾರ್ಗರೆಟ್ ಕಾಗದದ ಕಿರೀಟ ಇಡುತ್ತಾಳೆ. ಅವನ ಮಗನ ರಕ್ತದಲ್ಲಿ ಅದ್ದಿದ ಕರವಸ್ತ್ರವನ್ನು ಕಣ್ಣೊರೆಸಿಕೋ ಎಂದು ಕೊಡುತ್ತಾಳೆ. ಅಲ್ಲಿ ಆಕೆಯ ಕ್ರೌರ್ಯ ಮಾತ್ರ ಇದ್ದಿದ್ದರೆ ದೃಶ್ಯ ಅರ್ಧವಾಗುತ್ತಿತ್ತು. ಗೆದ್ದ ಕ್ಷಣದಲ್ಲೇ ಆಕೆಯೊಳಗೆ ಏನೋ ಒಡೆಯುವುದು ಕಾಣುತ್ತದೆ. ಮುಂದಿನ ಮುದುಕಿ ಹುಟ್ಟುವುದು ಅಲ್ಲಿ. ಬಿಳಿ ಕೂದಲು ಆಮೇಲಿನ ಮಾತು.

ಇನ್ನು ನಿಮ್ಮ ರಂಗತಾಲೀಮಿಗೆ ಬೇಕಾದ ವಿವರ. ಪಾತ್ರವನ್ನು ನಾಲ್ಕು ಹಂತ ಮಾಡಿ: 18, 30, 48, 70. ಪ್ರತಿ ಹಂತಕ್ಕೂ ದೇಹದ ಭಾರ ಎಲ್ಲಿ ನಿಲ್ಲುತ್ತದೆಂದು ನಿರ್ಧರಿಸಿ. ಹದಿನೆಂಟಕ್ಕೆ ಪಾದದ ಮುಂಭಾಗದಲ್ಲಿ, ಮೂವತ್ತಕ್ಕೆ ಇಡೀ ಪಾದದ ಮೇಲೆ, ನಲವತ್ತೆಂಟಕ್ಕೆ ಸೊಂಟದಲ್ಲಿ, ಎಪ್ಪತ್ತಕ್ಕೆ ಹಿಮ್ಮಡಿಯಲ್ಲಿ. ಮೊದಲ ವಾರ ಮಾತಿಲ್ಲದೆ ಈ ನಾಲ್ಕು ನಡಿಗೆಗಳನ್ನು ಮಾತ್ರ ಮಾಡಿ. ಕೂತು ಏಳುವುದನ್ನು ಬೇರೆಯಾಗಿ ಅಭ್ಯಾಸ ಮಾಡಿ. ವಯಸ್ಸು ಎಲ್ಲಕ್ಕಿಂತ ನಿಚ್ಚಳವಾಗಿ ಗೊತ್ತಾಗುವುದು ಏಳುವಾಗ.

ಎಲ್ಲರೂ ಎಡವುವ ಕಡೆ ಎರಡು. ಒಂದು, ಮುದುಕಿ ಎಂದ ಕೂಡಲೇ ಬೆನ್ನು ಬಗ್ಗಿಸುವುದು. ಬೆನ್ನು ಸೊಂಟದಿಂದ ಬಾಗಿದರೆ ಹೊಟ್ಟೆ ಒತ್ತಿ ಉಸಿರು ಗಿಡ್ಡವಾಗುತ್ತದೆ, ದನಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಮೂರನೇ ಪ್ರದರ್ಶನದ ಹೊತ್ತಿಗೆ ಸೊಂಟ ನೋವು ಶುರು. ಸೊಂಟ ನೆಟ್ಟಗಿರಲಿ, ಭುಜ ಮತ್ತು ಕತ್ತು ಮಾತ್ರ ಸ್ವಲ್ಪ ಮುಂದಕ್ಕೆ ಬರಲಿ, ಮಂಡಿ ತುಸು ಮಡಿಯಲಿ. ಎರಡನೆಯದು ದನಿ ನಡುಗಿಸುವುದು. ನಡುಗುವ ದನಿಯಲ್ಲಿ ವಾಕ್ಯದ ಕೊನೆ ನುಂಗಿಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೂತಿರುವುದೇ ಕೊನೆಯಲ್ಲಿ. ‘ನಾನು ಅವನನ್ನು ಕ್ಷಮಿಸ...’ ಎಂಬಲ್ಲಿಗೆ ದನಿ ಬಿದ್ದರೆ ಕ್ಷಮಿಸಿದಳೋ ಇಲ್ಲವೋ ಎಂದು ಹಿಂದಿನ ಸಾಲಿನವರಿಗೆ ತಿಳಿಯುವುದೇ ಇಲ್ಲ. ಮಾತಿನ ನಡುವಿನ ಉಸಿರುಗಳನ್ನು ಹೆಚ್ಚಿಸಿ, ಕೊನೆಯ ಪದವನ್ನು ಗಟ್ಟಿಯಾಗಿ ಇಳಿಸಿ. ವಯಸ್ಸೂ ಕೇಳುತ್ತದೆ, ಅರ್ಥವೂ ಕೇಳುತ್ತದೆ.

ಮೇಕಪ್ಪಿನಲ್ಲಿ ಗೆರೆ ಎಳೆಯಬೇಡಿ. ಮಧ್ಯವಯಸ್ಸಿಗೆ ಹೊಂದುವ ತೆಳು ಬೇಸ್ ಒಂದನ್ನೇ ಇಡೀ ಸಂಜೆಗೆ ಹಾಕಿ. ಬದಲಾಯಿಸುವುದು ಕೂದಲು, ತಲೆಯ ಮೇಲಿನ ಸೆರಗು ಅಥವಾ ಶಾಲು, ಉಡುಪಿನ ತೂಕ ಇಷ್ಟನ್ನೇ. ಕೊನೆಯ ಹಂತದ ಉಡುಪು ನಿಜವಾಗಿಯೂ ಭಾರವಾಗಿದ್ದರೆ ನಡಿಗೆ ತಾನೇ ಬದಲಾಗುತ್ತದೆ. ವಿಗ್ ಬದಲಿಸಲು ಸಹಾಯಕರಿದ್ದರೂ ಒಂದು ನಿಮಿಷಕ್ಕಿಂತ ಕಡಿಮೆ ಸಮಯ ಇಟ್ಟುಕೊಳ್ಳಬೇಡಿ. ಹೋದ ಸೈಡ್‌ವಿಂಗ್‌ನಿಂದಲೇ ಮತ್ತೆ ಒಳಬರುವ ಹಾಗೆ ಮಾಡಿಸಿಕೊಳ್ಳಿ, ಹಿಂದಿನಿಂದ ಸುತ್ತಿ ಓಡುವ ಹೊತ್ತು ಉಳಿಯುತ್ತದೆ. ಈ ಬದಲಾವಣೆಯನ್ನು ಪೂರ್ಣ ಉಡುಪಿನಲ್ಲಿ, ಸೈಡ್‌ವಿಂಗ್‌ನ ಕತ್ತಲಲ್ಲಿ, ಕಡಿಮೆಯೆಂದರೆ ಐದಾರು ಸಲ ಮಾಡಿ ನೋಡಿ.

ಪ್ರಶ್ನೆ: ‘ದಿ ಜ್ಯುವೆಲ್ ಇನ್ ದ ಕ್ರೌನ್’ ಧಾರಾವಾಹಿಯಲ್ಲಿ ಅವರದು ಯಾವ ಪಾತ್ರ? ಹದಿನಾಲ್ಕೂ ಕಂತು ನೋಡಲೇಬೇಕೇ? (ಮೈಸೂರಿನಿಂದ)

ಗ್ರನಾಡಾ ಟೆಲಿವಿಷನ್ ಮಾಡಿದ ಈ ಧಾರಾವಾಹಿ 1984ರ ಜನವರಿಯಿಂದ ಏಪ್ರಿಲ್‌ವರೆಗೆ ಬ್ರಿಟನ್ನಿನ ಐಟಿವಿಯಲ್ಲಿ ಬಂತು. ಪಾಲ್ ಸ್ಕಾಟ್‌ನ ನಾಲ್ಕು ಕಾದಂಬರಿಗಳು ಇದಕ್ಕೆ ಆಧಾರ. ಚಿತ್ರೀಕರಣ ನಡೆದ ಊರುಗಳಲ್ಲಿ ನಿಮ್ಮ ಮೈಸೂರೂ ಒಂದು, ಜೊತೆಗೆ ಉದಯಪುರ, ಶಿಮ್ಲಾ, ಕಾಶ್ಮೀರ.

ಪೆಗ್ಗಿಯವರದು ಬಾರ್ಬಿ ಬ್ಯಾಚಲರ್. ನಿವೃತ್ತಳಾದ ಮಿಷನರಿ ಶಾಲೆಯ ಮೇಡಂ, ಮದುವೆಯಿಲ್ಲ, ಮನೆಯಿಲ್ಲ. ಪಾಂಕೋಟ್ ಎಂಬ ಗಿರಿಧಾಮದ ರೋಸ್ ಕಾಟೇಜಿನಲ್ಲಿ ಮೇಬಲ್ ಲೇಟನ್ ಎಂಬ ವೃದ್ಧೆಯ ಜೊತೆ ಬಾಡಿಗೆಗೆ ಇರುತ್ತಾಳೆ. ಬಾಯಿ ತೆರೆದರೆ ಮಾತು ನಿಲ್ಲುವುದಿಲ್ಲ. ಸೇನಾಧಿಕಾರಿಗಳ ಹೆಂಡಂದಿರಿಗೆ ಆಕೆ ಕೆಳದರ್ಜೆಯವಳು, ನಗೆಪಾಟಲಿನ ವಸ್ತು. ಮನೆಯ ಹುಡುಗಿಯ ಮದುವೆಗೆಂದು ಕೊಟ್ಟ ಬೆಳ್ಳಿ ಚಮಚಗಳ ಉಡುಗೊರೆಯ ಪ್ರಸಂಗ ನೋಡಿ. ಆಕೆಗದು ಕೈಮೀರಿದ ಖರ್ಚು, ಅವರಿಗದು ತಾತ್ಸಾರದ ವಸ್ತು. ಮೇಬಲ್ ಸತ್ತ ಮೇಲೆ ಬಾರ್ಬಿಯನ್ನು ಮನೆಯಿಂದ ಹೊರಹಾಕುತ್ತಾರೆ. ಜೀವಮಾನದ ಸಾಮಾನು ತುಂಬಿದ ಒಂದು ಟ್ರಂಕನ್ನು ಟಾಂಗಾಕ್ಕೆ ಹೇರಿಕೊಂಡು ಇಳಿಜಾರಿನಲ್ಲಿ ಹೋಗುವಾಗ ಅಪಘಾತವಾಗುತ್ತದೆ. ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲಿ, ಮಾತು ನಿಂತುಹೋದ ಬಾರ್ಬಿ.

ನಮ್ಮ ಅಭಿಪ್ರಾಯ ಕೇಳಿದರೆ, ಅವರ ಕ್ಯಾಮೆರಾ ಅಭಿನಯದಲ್ಲಿ ಎಲ್ಲಕ್ಕಿಂತ ಎತ್ತರದ್ದು ಇದೇ. ಆಸ್ಕರ್ ಬಂದದ್ದು ಮಿಸೆಸ್ ಮೂರ್‌ಗೆ ಇರಬಹುದು, ಆದರೆ ಬಾರ್ಬಿ ಅದಕ್ಕಿಂತ ಕಷ್ಟದ ಪಾತ್ರ. ಬೇಸರ ತರಿಸುವ ವ್ಯಕ್ತಿಯನ್ನು ಬೇಸರ ತರಿಸದೆ ನಟಿಸಬೇಕು, ಮೇಲಾಗಿ ಆಕೆಯ ಮೇಲೆ ಕನಿಕರ ಬೇಡದೆ. ಬಾರ್ಬಿ ಮಾತಾಡುವಾಗ ಪೆಗ್ಗಿಯವರ ಕಣ್ಣನ್ನು ಗಮನಿಸಿ. ಬಾಯಿ ಒಂದರ ಮೇಲೊಂದು ವಾಕ್ಯ ಪೋಣಿಸುತ್ತಿರುತ್ತದೆ, ಕಣ್ಣು ಮಾತ್ರ ಎದುರಿನವರು ಕೇಳುತ್ತಿದ್ದಾರೆಯೇ ಎಂದು ಹುಡುಕುತ್ತಿರುತ್ತದೆ. ಕೇಳುತ್ತಿಲ್ಲ ಎಂದು ಗೊತ್ತಾದ ಕ್ಷಣ ಮಾತು ಇನ್ನಷ್ಟು ಬಿರುಸಾಗುತ್ತದೆ. ಮಿಸೆಸ್ ಮೂರ್ ಇದಕ್ಕೆ ನೇರ ವಿರುದ್ಧ, ಕಡಿಮೆ ಮಾತು, ಹೆಚ್ಚು ಕಿವಿ. ಎರಡೂ ಒಂದೇ ವರ್ಷ ಜನರ ಮುಂದೆ ಬಂದವು.

ಹೊತ್ತು ಸಾಲದಿದ್ದರೂ ನಡುವಿನಿಂದ ಶುರು ಮಾಡಬೇಡಿ. ಮೊದಲ ಎರಡು ಕಂತುಗಳ ಕಥೆ ಮಾಯಾಪುರ ಎಂಬ ಊರಿನಲ್ಲಿ ನಡೆಯುತ್ತದೆ. ಅದನ್ನು ಬಿಟ್ಟರೆ ಪಾಂಕೋಟಿನ ಹೆಂಗಸರು ಯಾವುದರ ಬಗ್ಗೆ ಪಿಸುಗುಟ್ಟುತ್ತಿದ್ದಾರೆಂದು ತಿಳಿಯುವುದಿಲ್ಲ. ಒಂದರಿಂದ ಒಂಬತ್ತರವರೆಗೆ ನೋಡಿ. ಒಂಬತ್ತನೆಯದು ‘ದಿ ಟವರ್ಸ್ ಆಫ್ ಸೈಲೆನ್ಸ್’. ಅಷ್ಟು ನೋಡಿದವರು ಉಳಿದದ್ದನ್ನು ಬಿಡಲಾರರು ಎಂಬುದು ಬೇರೆ ಮಾತು.

ಪ್ರಶ್ನೆ: ಆಸ್ಕರ್ ಪ್ರಶಸ್ತಿಯನ್ನು ಅವರ ಬದಲು ಬೇರೆಯವರು ಸ್ವೀಕರಿಸಿದ್ದು ಏಕೆ? ‘ಡೇಮ್ ಆಶ್‌ಕ್ರಾಫ್ಟ್’ ಎಂದು ಬರೆಯಬಹುದೇ? (ತುಮಕೂರಿನಿಂದ)

1985ರ ಮಾರ್ಚ್ 25ರ ಸಮಾರಂಭದ ಹೊತ್ತಿಗೆ ಅವರ ಬಹುಕಾಲದ ಸಹನಟ ಮೈಕೆಲ್ ರೆಡ್‌ಗ್ರೇವ್ ತೀರಿಕೊಂಡಿದ್ದರು. ಅಂತ್ಯಕ್ರಿಯೆಗಾಗಿ ಪೆಗ್ಗಿ ಇಂಗ್ಲೆಂಡಿನಲ್ಲೇ ಉಳಿದರು. ಏಂಜೆಲಾ ಲ್ಯಾನ್ಸ್‌ಬರಿ ಅವರ ಪರವಾಗಿ ಪ್ರಶಸ್ತಿ ಪಡೆದರು. ಡೇಮ್ ಪದವಿ ಸಿಕ್ಕಿದ್ದು 1956ರಲ್ಲಿ. ಅದು ಮೊದಲ ಹೆಸರಿಗೆ ಸೇರುತ್ತದೆ. ‘ಡೇಮ್ ಪೆಗ್ಗಿ’ ಅಥವಾ ‘ಡೇಮ್ ಪೆಗ್ಗಿ ಆಶ್‌ಕ್ರಾಫ್ಟ್’ ಎಂದು ಬರೆಯಿರಿ.

ಪ್ರಶ್ನೆ: ನಮ್ಮ ತಂಡ ಸ್ಯಾಮ್ಯುಯೆಲ್ ಬೆಕೆಟ್‌ನ ‘ಹ್ಯಾಪಿ ಡೇಸ್’ ಆಡಬೇಕೆಂದಿದೆ. ಆಶ್‌ಕ್ರಾಫ್ಟ್ ಅದನ್ನೂ ಮಾಡಿದ್ದರೆ? (ಸಾಗರದಿಂದ)

ಮಾಡಿದ್ದರು. ನ್ಯಾಷನಲ್ ಥಿಯೇಟರಿಗಾಗಿ ಪೀಟರ್ ಹಾಲ್ ನಿರ್ದೇಶನದಲ್ಲಿ, 1975ರಲ್ಲಿ. ನ್ಯಾಷನಲ್‌ನ ಹೊಸ ಕಟ್ಟಡದ ಲಿಟಲ್ಟನ್ ರಂಗ 1976ರ ಮಾರ್ಚ್‌ನಲ್ಲಿ ತೆರೆದಾಗ ಅಲ್ಲಿ ಮೊದಲು ಕಂಡದ್ದೂ ಅದೇ ನಾಟಕ. ನಾಟಕದ ನಾಯಕಿ ವಿನ್ನಿ ಮೊದಲ ಅಂಕದಲ್ಲಿ ಸೊಂಟದವರೆಗೆ ಮಣ್ಣಿನ ದಿಬ್ಬದಲ್ಲಿ ಹೂತಿರುತ್ತಾಳೆ, ಎರಡನೆಯದರಲ್ಲಿ ಕತ್ತಿನವರೆಗೆ.

ನೆನಪಿಡಿ: ಇಲ್ಲಿ ಮಾತನ್ನು ಮೊದಲು ಬಾಯಿಪಾಠ ಮಾಡಿ ಆಮೇಲೆ ವಸ್ತುಗಳನ್ನು ಸೇರಿಸಿದರೆ ಕೆಟ್ಟಿತು. ಹಲ್ಲುಜ್ಜುವ ಬ್ರಷ್, ಕನ್ನಡಿ, ಕನ್ನಡಕ, ಪಿಸ್ತೂಲು, ಪ್ರತಿಯೊಂದನ್ನೂ ಚೀಲದಿಂದ ತೆಗೆಯುವ, ಇಡುವ, ಮಧ್ಯೆ ತಡೆಯುವ ಜಾಗವನ್ನು ಬೆಕೆಟ್ ಬರೆದಿಟ್ಟಿದ್ದಾನೆ. ಮೊದಲ ದಿನದಿಂದಲೇ ಚೀಲವನ್ನು ಕೈಯಲ್ಲಿಟ್ಟುಕೊಂಡು, ದಿನಕ್ಕೆ ಒಂದೆರಡು ಪುಟ ಮಾತ್ರ ಮಾಡಿ. ಎರಡನೇ ಅಂಕಕ್ಕೆ ಈ ಆಸರೆಯೂ ಇಲ್ಲ, ಬರೀ ಕಣ್ಣು ಮತ್ತು ಮುಖ. ಹಾಗಾಗಿ ಅದಕ್ಕೆ ಮೊದಲ ಅಂಕದಷ್ಟೇ ತಾಲೀಮಿನ ದಿನಗಳು ಬೇಕು.

ದಿಬ್ಬದೊಳಗೆ ನಟಿಗೆ ಒರಗುವ ಬೆನ್ನಿರುವ, ಎತ್ತರ ಏರಿಳಿಸಬಹುದಾದ ಸ್ಟೂಲ್ ಇಡಿ. ಒಂದೂವರೆ ಗಂಟೆ ನಿಂತರೆ ಕಾಲು ಜೋಮು ಹಿಡಿಯುತ್ತದೆ. ವಿರಾಮದಲ್ಲಿ ಸ್ಟೂಲ್ ಇಳಿಸಿದರೆ ಅದೇ ದಿಬ್ಬ ಎರಡನೇ ಅಂಕಕ್ಕೂ ಸಾಕು. ಹಿಂಬದಿಯಲ್ಲಿ ಗಾಳಿಗೆ ಮತ್ತು ತುರ್ತಿಗೆ ಒಂದು ಬಾಗಿಲು ಇರಲೇಬೇಕು. ನಾಟಕ ಕೇಳುವುದು ಉರಿಬಿಸಿಲಿನಂಥ ಬೆಳಕು, ಒಳಗೆ ಸೆಕೆ ಬೇಗ ಏರುತ್ತದೆ. ಇದೆಲ್ಲಕ್ಕೂ ಮೊದಲು ಅನುವಾದಕ್ಕೂ ಪ್ರದರ್ಶನಕ್ಕೂ ಹಕ್ಕುದಾರರಿಂದ ಲಿಖಿತ ಅನುಮತಿ ತರಿಸಿಕೊಳ್ಳಿ. ಬೆಕೆಟ್ ನಾಟಕಗಳ ವಿಷಯದಲ್ಲಿ ಅವರು ಬಲು ಬಿಗಿ, ರಂಗಸೂಚನೆ ಬದಲಿಸಿದರೂ ಒಪ್ಪುವುದಿಲ್ಲ.

ಪ್ರಶ್ನೆ: 1935ರಲ್ಲಿ ಗೀಲ್ಗುಡ್, ಒಲಿವಿಯೆ ಜೊತೆ ಅವರು ಜೂಲಿಯೆಟ್ ಆಗಿದ್ದರಂತೆ. ಅದರ ವಿಡಿಯೊ ಎಲ್ಲಿ ಸಿಗುತ್ತದೆ? ಬೇರೆ ಏನೇನು ನೋಡಬಹುದು? (ಇಂಗ್ಲೆಂಡಿನ ಲೆಸ್ಟರ್‌ನಿಂದ)

ಆ ಪ್ರದರ್ಶನದ ವಿಡಿಯೊ ಇಲ್ಲ. ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ಇಬ್ಬರೂ ನಟರು ರೋಮಿಯೊ, ಮರ್ಕ್ಯೂಶಿಯೊ ಪಾತ್ರಗಳನ್ನು ಅದಲುಬದಲು ಮಾಡಿಕೊಂಡರು. ಜೂಲಿಯೆಟ್ ಮಾತ್ರ ಉದ್ದಕ್ಕೂ ಇವರೇ. 186 ಪ್ರದರ್ಶನ, ಆ ನಾಟಕಕ್ಕೆ ಅಂದಿನ ದಾಖಲೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ನಾಟಕಗಳನ್ನು ವಿಡಿಯೊ ಮಾಡಿ ಕಾಪಿಡುವ ಕೆಲಸ ಶುರು ಮಾಡಿದ್ದು 1992ರಲ್ಲಿ, ಇವರು ತೀರಿಕೊಂಡ ಮರುವರ್ಷ. ‘ದಿ ಡೀಪ್ ಬ್ಲೂ ಸೀ’ಯ ಹೆಸ್ಟರ್ (1952), ಓಸ್ಲೊದಲ್ಲಿ ಆಡಿ ನಾರ್ವೆಯ ರಾಜನಿಂದ ಪದಕ ತಂದ ಹೆಡ್ಡಾ ಗ್ಯಾಬ್ಲರ್, ಕೊನೆಯ ರಂಗಪಾತ್ರವಾದ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ನ ಕೌಂಟೆಸ್, ಇವುಗಳ ಬಗ್ಗೆ ನಮಗೆ ಉಳಿದಿರುವುದು ವಿಮರ್ಶೆ ಮತ್ತು ಛಾಯಾಚಿತ್ರ. ಇದು ದೊಡ್ಡ ನಷ್ಟ.

ಇರುವುದನ್ನು ಹೀಗೆ ನೋಡಿ. ಮೊದಲು ಬಿಬಿಸಿಯ ‘ಕಾಟ್ ಆನ್ ಎ ಟ್ರೈನ್’ (1980). ಯುರೋಪನ್ನು ದಾಟುವ ರಾತ್ರಿ ರೈಲಿನಲ್ಲಿ ಸಹಪ್ರಯಾಣಿಕ ಯುವಕನನ್ನು ಕಾಡುವ ವಿಯೆನ್ನಾದ ಮುದುಕಿ. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ಅವರ ಕಸುಬು ಏನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಇದಕ್ಕೂ ಅದೇ ವರ್ಷದ ‘ಕ್ರೀಮ್ ಇನ್ ಮೈ ಕಾಫಿ’ಗೂ ಸೇರಿಸಿ ಅವರಿಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಸಿಕ್ಕಿತು. ಆಮೇಲೆ ಬಾರ್ಬಿ, ಆಮೇಲೆ ಮಿಸೆಸ್ ಮೂರ್. ಬಳಿಕ ‘ಶೀಸ್ ಬೀನ್ ಅವೇ’ (1989): ದಶಕಗಳ ಕಾಲ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕಿದ್ದ ಹೆಂಗಸು ಹೊರಗೆ ಬರುವ ಕಥೆ. ವೆನಿಸ್ ಚಿತ್ರೋತ್ಸವದಲ್ಲಿ ಜೆರಾಲ್ಡಿನ್ ಜೇಮ್ಸ್ ಜೊತೆ ಅತ್ಯುತ್ತಮ ನಟಿ ಪ್ರಶಸ್ತಿ ಹಂಚಿಕೊಂಡದ್ದು ಇದಕ್ಕೆ. ಶಬಾನಾ ಆಜ್ಮಿ ಇರುವ ‘ಮದಾಮ್ ಸೂಸಾಟ್ಸ್ಕಾ’ದಲ್ಲೂ (1988) ಇದ್ದಾರೆ, ಪಾತ್ರ ಚಿಕ್ಕದು.

‘ದಿ ವಾರ್ಸ್ ಆಫ್ ದ ರೋಸಸ್’ ಡಿವಿಡಿಯಾಗಿ ಬಂದದ್ದು 2016ರಲ್ಲಿ. ನೀವಿರುವಲ್ಲಿ ತೊಂದರೆಯಿಲ್ಲ. ಊರಿಗೆ ಕಳಿಸುವುದಾದರೆ ಕವರಿನ ಮೇಲೆ ರೀಜನ್ ಗುರುತು ನೋಡಿ. ಬ್ರಿಟನ್ನಿನದು ರೀಜನ್ 2, ಭಾರತದ್ದು 5. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಡಿಸ್ಕ್ ತಿರುಗುತ್ತದೆ, ಚಿತ್ರ ಬರುವುದಿಲ್ಲ. ಅವರ ಶೇಕ್ಸ್‌ಪಿಯರ್ ಪದ್ಯವಾಚನ ಕಿವಿಗೆ ಬೇಕೆಂದರೆ ಗೀಲ್ಗುಡ್ ಜೊತೆಗಿನ ‘ದಿ ವಿಂಟರ್ಸ್ ಟೇಲ್’ ಧ್ವನಿಮುದ್ರಣ ಹುಡುಕಿ, ಅದರಲ್ಲಿ ಇವರು ಪೌಲಿನಾ.

ಯೌವನದ ಪೆಗ್ಗಿಯನ್ನು ಕಾಣಬೇಕೆಂಬ ನಿಮ್ಮ ಆಸೆಗೆ ಉತ್ತರ ಹಿಚ್‌ಕಾಕ್‌ನ ‘ದಿ 39 ಸ್ಟೆಪ್ಸ್’. ಅದೂ 1935ರದೇ, ಜೂಲಿಯೆಟ್ ಆದ ವರ್ಷದ್ದು. ಸ್ಕಾಟ್ಲೆಂಡಿನ ಬಡ ರೈತನ ಎಳೆಯ ಹೆಂಡತಿಯಾಗಿ ಕೆಲವೇ ನಿಮಿಷ ಬರುತ್ತಾರೆ. ಪೇಟೆಯ ಹೆಂಗಸರು ಹೇಗಿರುತ್ತಾರೆಂದು ಆ ರಾತ್ರಿಯ ಅತಿಥಿಯನ್ನು, ಅಂದರೆ ಪೊಲೀಸರಿಂದ ತಲೆಮರೆಸಿಕೊಂಡ ನಾಯಕನನ್ನು, ಆಸೆಯಿಂದ ಕೇಳುತ್ತಾಳೆ. ರಾತ್ರಿ ಪೊಲೀಸರು ಬಂದಾಗ ಗಂಡನ ಕೋಟನ್ನೇ ಅವನಿಗೆ ತೊಡಿಸಿ ಹಿಂಬಾಗಿಲಿನಿಂದ ಕಳಿಸುತ್ತಾಳೆ. ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನಾಗೀತೆಗಳ ಪುಸ್ತಕವೇ ಮುಂದೆ ನಾಯಕನ ಎದೆಗೆ ಬಂದ ಗುಂಡನ್ನು ತಡೆಯುವುದು.